ಅತ್ತೆಯ ಹೆಸರಿನ ಅಳಿಲು

ಜನವರಿ ೧೨

ಗೌರವಾನ್ವಿತರಿಗೆ,

ಮೊದಲು 'ಮಾವ' ಎಂದು ಬರೆದೆ. ಆ ಹಕ್ಕು ಈಗ ಉಳಿದಿದೆಯೋ ಇಲ್ಲವೋ ಎಂದು ಹರಿದು ಹಾಕಿದೆ. ಆಮೇಲೆ 'ಸರ್' ಎಂದು ಬರೆದೆ. ಆರು ವರ್ಷ ನಿಮ್ಮ ಮನೆಯಲ್ಲಿ ಉಂಡು ತಿಂದು ಈಗ 'ಸರ್' ಎಂದರೆ ನಿಮಗೆ ನಗು ಬರುತ್ತದೋ ಸಿಟ್ಟು ಬರುತ್ತದೋ ಎಂದು ಅದನ್ನೂ ಹರಿದೆ. ಕೊನೆಗೆ ಅರ್ಜಿ ಬರೆಯುವವಳ ಹಾಗೆ ಹೀಗೆ ಶುರು ಮಾಡಿದ್ದೇನೆ. ಒಂದು ಲೆಕ್ಕದಲ್ಲಿ ಇದು ಅರ್ಜಿಯೇ.

ನಾನು ಆ ಮನೆ ಬಿಟ್ಟು ಎರಡು ವರ್ಷವಾಯಿತು. ನಿಮ್ಮ ಮಗನಿಗೂ ನನಗೂ ನಡುವಿನ ಕೋರ್ಟಿನ ಕೆಲಸವೂ ಮುಗಿದಿದೆ. ಆ ವಿಷಯ ಇಲ್ಲಿ ಬೇಡ.

ಈಗ ನಾನಿರುವ ಪ್ರಯೋಗಾಲಯದಲ್ಲಿ ಏಷ್ಯಾದ ಅಳಿಲುಗಳ ವಂಶವೃಕ್ಷ ಕಟ್ಟುವ ಕೆಲಸ ನಡೆದಿದೆ. ಯಾವ ಅಳಿಲು ಯಾವುದರ ದಾಯಾದಿ, ಯಾವುದು ಬೇರೆ ಬಣ್ಣದ ಕೋಟು ಹಾಕಿಕೊಂಡ ಅದೇ ಅಳಿಲು ಎಂದು ತಿಳಿಯಲು ಒಂದು ಕಡೆ ಡಿಎನ್‌ಎ ನೋಡುತ್ತೇವೆ, ಇನ್ನೊಂದು ಕಡೆ ನೀವು ಕಿವಿ ಹಿಂಡಿ ಕಲಿಸಿದ ಅಳತೆಗಳನ್ನು: ತಲೆಬುರುಡೆ, ಹಲ್ಲಿನ ಸಾಲು, ಬಾಲದ ಉದ್ದ, ಹೊಟ್ಟೆಯ ಬಣ್ಣ. ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ಅದು ಬೇರೆಯೇ ಪ್ರಭೇದ ಎಂದು ಒಪ್ಪುತ್ತೇವೆ.

ಹೆಚ್ಚುಕಡಿಮೆ ಎಲ್ಲ ಅಳಿಲುಗಳ ತುಣುಕುಗಳೂ ಬಂದಿವೆ. ಒಂದು ಮಾತ್ರ ಇಲ್ಲ. ಅತ್ತೆಯ ಹೆಸರಿನದು. ಅದಿಲ್ಲದೆ ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ನಮ್ಮ ಮುಖ್ಯಸ್ಥೆ ಪ್ರಕಟಣೆಗೆ ಬಿಡುವುದಿಲ್ಲ. ನೀವು ಹೆಸರಿಟ್ಟಾಗ ಆಧಾರವಾಗಿ ಇಟ್ಟುಕೊಂಡ ಆ ಒಂದೇ ಒಂದು ಪ್ರಾಣಿ, ಆ ಮೂಲ ಮಾದರಿ, ನಿಮ್ಮ ಮ್ಯೂಸಿಯಂನಲ್ಲಿದೆ. ಅದರ ಹಿಂಗಾಲಿನ ಅಡಿಯಿಂದ ಅಕ್ಕಿಕಾಳಿನ ಅರ್ಧದಷ್ಟು ಚರ್ಮ ಬೇಕು. ಈಗಿನ ಅಧಿಕಾರಿಯನ್ನು ಕೇಳಿದೆ. "ಅವರು ರಿಟೈರ್ ಆಗಿರಬಹುದು ಮೇಡಂ, ಆದರೆ ಅವರನ್ನ ಕೇಳದೆ ಆ ಡ್ರಾಯರ್ ಮುಟ್ಟೋ ಧೈರ್ಯ ನನಗಿಲ್ಲ" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ. ಆಗದು ಎಂದರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇತಿ,
ಏನೆಂದು ಸಹಿ ಹಾಕಬೇಕೋ ತಿಳಿಯದ
ನಿಮ್ಮ ಹಳೆಯ ವಿದ್ಯಾರ್ಥಿನಿ


ಜನವರಿ ೨೬

ಹಳೆಯ ವಿದ್ಯಾರ್ಥಿನಿಗೆ,

'ಗೌರವಾನ್ವಿತರು' ಯಾರಪ್ಪಾ ಎಂದು ಕವರನ್ನು ತಿರುಗಿಸಿ ನೋಡಿದೆ. ಅಕ್ಷರ ನೋಡಿದ ಮೇಲೆ ತಿಳಿಯಿತು. ನಿನ್ನ ಕೈಬರಹ ಇನ್ನೂ ಸುಧಾರಿಸಿಲ್ಲ.

ಮನೆಗೆ ಬರೆಯದೆ ಮ್ಯೂಸಿಯಂಗೆ ಬರೆದದ್ದು ಒಳ್ಳೆಯದಾಯಿತು. ಮುಂದೆಯೂ ಹಾಗೇ ಮಾಡು. ವಾರಕ್ಕೆ ಮೂರು ದಿನ ಇಲ್ಲಿ ಬಂದು ಕೂರುತ್ತೇನೆ. ನಾಫ್ತಲೀನ್ ವಾಸನೆ ಇಲ್ಲದಿದ್ದರೆ ನನಗೆ ಉಸಿರಾಟ ಸರಿಹೋಗುವುದಿಲ್ಲ. ಮನೆಯಲ್ಲಿ ನಿನ್ನ ಮಾತು ಎತ್ತುವ ಹಾಗಿಲ್ಲ. ನಿಮ್ಮತ್ತೆ ಬೈಯುವುದಿಲ್ಲ, ಬೈದಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಯಾರಾದರೂ ನಿನ್ನ ಸುದ್ದಿ ಕೇಳಿದರೆ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಮಗನ ಸಂಸಾರ ಮುರಿಯಿತೆಂಬ ಸಿಟ್ಟು. ಹೆತ್ತವಳಲ್ಲವೇ, ನಾನೂ ಸುಮ್ಮನಿರುತ್ತೇನೆ.

ಇನ್ನು ಅಳಿಲಿನ ವಿಷಯ. ನಾನು ಜನ್ಮವಿಡೀ ಬೇರೆಯವರು ಹೆಸರಿಟ್ಟ ಪ್ರಾಣಿಗಳನ್ನು ಅಳೆದವನು. ನನ್ನದು ಅಂತ ಇರುವುದು ಅದೊಂದೇ. ಬೆಟ್ಟದ ಬುಡದ ಆ ಕಾಡಿನಲ್ಲಿ ಸಿಕ್ಕಿದಾಗ ಮೈ ನೋಡಿದರೆ ಬಯಲಿನ ಅಳಿಲು, ಹೊಟ್ಟೆ ಬಿಳಿ. ತಲೆಬುರುಡೆ ನೋಡಿದರೆ ಗುಡ್ಡದ ಅಳಿಲಿನ ಹಾಗೆ ಮೊಂಡು ಮೂತಿ, ದಪ್ಪ ಹಲ್ಲು. ಬಯಲಿನದೂ ಅಲ್ಲ, ಗುಡ್ಡದ್ದೂ ಅಲ್ಲ, ನಡುವಿನ ಮೂರನೆಯದು ಎಂದು ಬರೆದೆ. ದೊಡ್ಡ ದೊಡ್ಡವರು ಒಪ್ಪಿದರು. ಇನ್ನೊಂದನ್ನು ಹುಡುಕುವಷ್ಟರಲ್ಲಿ ಆ ಕಾಡಿನ ಜಾಗದಲ್ಲಿ ಗಣಿ ಬಂತು. ಅಳಿದುಹೋದ ಪ್ರಾಣಿಗಳ ಸಾಲಿಗೆ ಅದನ್ನೂ ಸೇರಿಸಿದರು. ನಮ್ಮ ಮ್ಯೂಸಿಯಂ ಬಾಗಿಲಲ್ಲಿ ಅದರ ದೊಡ್ಡ ಚಿತ್ರವಿದೆ. ಶಾಲೆಯ ಮಕ್ಕಳು ಬಂದರೆ ಟೀಚರ್‌ಗಳು ಅದರ ಮುಂದೆ ನಿಲ್ಲಿಸಿ ಮುಖ ಸಪ್ಪಗೆ ಮಾಡುತ್ತಾರೆ.

ನಿಮ್ಮತ್ತೆಗೆ ಆ ಹೆಸರಿನ ಬಗ್ಗೆ ಎಷ್ಟು ಹೆಮ್ಮೆ ಎಂದು ನಿನಗೆ ಗೊತ್ತು. ಬಾಯಲ್ಲಿ ಮಾತ್ರ ಒಪ್ಪುವುದಿಲ್ಲ. ಮೊನ್ನೆ ಪಕ್ಕದ ಮನೆಯವರ ಮುಂದೆ, "ಎಲ್ಲರ ಗಂಡಂದಿರು ಹೆಂಡತಿಗೆ ಒಡವೆ ತಂದುಕೊಟ್ರೆ ಇವರು ಒಂದು ಇಲಿಗೆ ನನ್ನ ಹೆಸರಿಟ್ರು" ಎಂದಳು. "ಅಳಿಲು ಕಣೇ, ಇಲಿ ಅಲ್ಲ" ಎಂದೆ. "ಎರಡೂ ಬಟ್ಟೆ ಕಡಿಯೋದೇ ತಾನೆ" ಎಂದಳು. ಆದರೆ ಬಂದವರಿಗೆಲ್ಲ ಆ ಚಿತ್ರ ತೋರಿಸದೆ ಕಳಿಸುವುದಿಲ್ಲ.

ತುಣುಕನ್ನು ನಾನೇ ಕತ್ತರಿಸಿ ಕಳಿಸುತ್ತೇನೆ. ಬಾಲದ ಹತ್ತಿರ ಯಾರೂ ಕೈ ಹಾಕುವುದು ಬೇಡ. ಹಳೆಯ ಚರ್ಮಕ್ಕೆಲ್ಲ ಆಗ ವಿಷದ ಪುಡಿ ಹಚ್ಚುತ್ತಿದ್ದೆವು, ಕೈಗವಸು ಹಾಕಿಕೋ. ಫಲಿತಾಂಶ ಏನೇ ಬಂದರೂ ಮೊದಲು ನನಗೆ ಹೇಳು.

ಇತಿ,
ಗೌರವಾನ್ವಿತ


ಫೆಬ್ರವರಿ ೨೦

ಸರ್‌ಗೆ (ಸದ್ಯಕ್ಕೆ ಇದೇ ಇರಲಿ),

ಪೆಟ್ಟಿಗೆ ತಲುಪಿತು. ಹತ್ತಿ, ಅದರೊಳಗೆ ಡಬ್ಬಿ, ಅದರೊಳಗೆ ಮತ್ತೆ ಹತ್ತಿ, ಅದರೊಳಗೆ ಪುಟ್ಟ ಗಾಜಿನ ಸೀಸೆ. ಬಿಚ್ಚುವಾಗ ನನ್ನ ಪಕ್ಕದ ಹುಡುಗಿ, "ಯಾರ ಮನೆ ಒಡವೆ ಬಂತು?" ಎಂದು ಕೇಳಿದಳು. ನಿಮ್ಮ ಮುದ್ದು ಅಕ್ಷರದ ಚೀಟಿಯನ್ನು ನನ್ನ ಮೇಜಿನೆದುರು ಅಂಟಿಸಿಕೊಂಡೆ.

ಹಳೆಯ ಚರ್ಮದ ಕೆಲಸಕ್ಕೆ ನಮ್ಮಲ್ಲಿ ಬೇರೆ ಕೋಣೆಯೇ ಇದೆ. ತಲೆಯಿಂದ ಕಾಲಿನ ತನಕ ಬಿಳಿ ಕವಚ ತೊಟ್ಟು ಹೋಗಬೇಕು, ಮಾತಾಡಬಾರದು, ಸೀನಂತೂ ಬರಲೇಬಾರದು. ನನ್ನದೇ ಚರ್ಮದ ಪುಡಿ ಬಿದ್ದರೆ ನಿಮ್ಮ ಅಳಿಲಿಗೂ ನನಗೂ ಸಂಬಂಧ ಬೆಳೆದುಬಿಡುತ್ತದೆ. ಮೂಗು ತುರಿಸಿಕೊಳ್ಳಲಾಗದೆ ಒದ್ದಾಡುವಾಗೆಲ್ಲ, ಕ್ಯಾಲಿಪರ್ ಹಿಡಿದು ಕಿಟಕಿಯ ಪಕ್ಕ ಕೂತು ಕಾಫಿ ಕುಡಿಯುತ್ತಾ ಅಳೆಯುತ್ತಿದ್ದ ದಿನಗಳು ನೆನಪಾಗುತ್ತವೆ.

ತುಣುಕು ಹಳೆಯದಾದ್ದರಿಂದ ಡಿಎನ್‌ಎ ಚೂರು ಚೂರಾಗಿದೆ. ಸಮಯ ಹಿಡಿಯುತ್ತದೆ.

ನಿಮ್ಮ ಮೊಣಕಾಲು ನೋವು ಹೇಗಿದೆ? ಅತ್ತೆಯ ಬಗ್ಗೆ ನೀವು ಬರೆದದ್ದನ್ನು ಓದಿ ಒಂದಿಡೀ ದಿನ ಕೆಲಸದ ಕಡೆ ಮನಸ್ಸು ಹೋಗಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಿರುವುದು ನ್ಯಾಯವೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬಾಯಿಲ್ಲ.

ಇತಿ,
ನಿಮ್ಮ ವಿದ್ಯಾರ್ಥಿನಿ


ಏಪ್ರಿಲ್ ೯

ವಿದ್ಯಾರ್ಥಿನಿಗೆ,

ಏನಾಯಿತು? ಅಳಿಲಿನ ಜೊತೆ ನೀನೂ ಅಳಿದುಹೋದೆಯಾ?

ದಿನಾ ಬಂದ ತಕ್ಷಣ ಟಪಾಲಿನ ತಟ್ಟೆ ಕೆದಕುವುದೇ ಕೆಲಸವಾಗಿದೆ. ಅಧಿಕಾರಿ ಹುಡುಗ, "ಏನು ಸರ್, ಪ್ರೇಮಪತ್ರ ಕಾಯ್ತಾ ಇದೀರಾ?" ಎಂದ. ಒಳ್ಳೆಯವನೇ, ಆದರೆ ಬಾಯಿಗೆ ಬೀಗ ಇಲ್ಲ.

ಮೊಣಕಾಲು ಹಾಗೇ ಇದೆ. ನಿಮ್ಮತ್ತೆ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ನಾನೊಬ್ಬನೇ ಅವಳಿಗೆ ಉಳಿದಿರುವ ಪೇಷಂಟು. ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗಿದ್ದವಳು, ಗದರಿಸದೆ ಮಾತ್ರೆ ಕೊಡುವ ಅಭ್ಯಾಸವೇ ಇಲ್ಲ. ಮಗ ಇದೇ ಊರಿನಲ್ಲಿ ಬೇರೆ ಮನೆ ಮಾಡಿದ್ದಾನೆ. ಭಾನುವಾರ ಬರುತ್ತಾನೆ, ಫೋನು ನೋಡಿಕೊಂಡು ಕೂರುತ್ತಾನೆ, ಹೋಗುತ್ತಾನೆ. ಅವನೇನೂ ಬದಲಾಗಿಲ್ಲ.

ನಿನಗೊಂದು ಮಾತು ಹೇಳಬೇಕು. ನಿನ್ನ ವಂಶವೃಕ್ಷ ಬರಲಿದೆ ಎಂದು ಅಧಿಕಾರಿಗೆ ತಿಳಿದು, ಅಳಿದುಹೋದ ಪ್ರಾಣಿಗಳಿಗೆಂದೇ ಒಂದು ಕೋಣೆ ಮಾಡುವ ಯೋಜನೆ ಹಾಕಿದ್ದಾನೆ. ನಡುವಿನ ಗಾಜಿನ ಪೆಟ್ಟಿಗೆ ನಮ್ಮ ಅಳಿಲಿಗೆ. ಉದ್ಘಾಟನೆಗೆ ನಿಮ್ಮತ್ತೆಯನ್ನು ಕರೆಯುತ್ತಾನಂತೆ. ಅವಳು, "ನನಗೆ ಅದೆಲ್ಲ ಯಾಕೆ?" ಎಂದು ಮೂಗು ಮುರಿದು, ಆಮೇಲೆ ಯಾವ ಸೀರೆ ಎಂದು ಕೇಳಿದಳು.

ನನಗೇಕೋ ಒಳಗೊಳಗೇ ಅಳುಕು. ನೀನು ಸುಮ್ಮನಿರುವ ರೀತಿ ನನಗೆ ಗೊತ್ತು. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದ ದಿನವೂ ನೀನು ಹೀಗೇ ಕಾರಿಡಾರಿನಲ್ಲಿ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಒಂದು ಸಾಲಾದರೂ ಬರಿ.

ಇತಿ,
ಕಾಯುತ್ತಿರುವವ


ಮೇ ೨

ಸರ್,

ನಿಮ್ಮ ಅನುಮಾನ ಸರಿ. ಫಲಿತಾಂಶ ಮಾರ್ಚಿನಲ್ಲೇ ಬಂದಿತ್ತು. ನಂಬದೆ ಮತ್ತೆ ಮಾಡಿದೆ. ಮತ್ತೂ ಒಮ್ಮೆ, ಬೇರೆಯವಳ ಕೈಯಲ್ಲಿ, ಯಾವ ಪ್ರಾಣಿ ಎಂದು ಹೇಳದೆ ಮಾಡಿಸಿದೆ. ಉತ್ತರ ಬದಲಾಗಲಿಲ್ಲ.

ಅದು ಬಯಲಿನ ಅಳಿಲು. ಹತ್ತಿರದ್ದಲ್ಲ, ದಾಯಾದಿಯಲ್ಲ, ಅದೇ. ನಮ್ಮ ಪ್ರಯೋಗಾಲಯದ ಹಿಂದಿನ ಮರದಲ್ಲಿ ಓಡಾಡುವ ಅಳಿಲಿಗೂ ಅದಕ್ಕೂ ಇರುವ ವ್ಯತ್ಯಾಸ ಅಣ್ಣ ತಮ್ಮಂದಿರ ನಡುವೆ ಇರುವಷ್ಟು.

ಇದನ್ನು ನಿಮಗೆ ಹೇಗೆ ಹೇಳಲಿ ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ದಾರಿ ಕಂಡಿದೆ, ಕೋಪ ಮಾಡಿಕೊಳ್ಳದೆ ಓದಿ. ಹಳೆಯ ಮಾದರಿಗಳಲ್ಲಿ ಎಷ್ಟೋ ಸಲ ಡಿಎನ್‌ಎ ಸಿಗುವುದೇ ಇಲ್ಲ. "ಮೂಲ ಮಾದರಿಯಿಂದ ಉಪಯುಕ್ತ ಫಲಿತಾಂಶ ಬರಲಿಲ್ಲ" ಎಂದು ಒಂದು ಸಾಲು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಮುಖ್ಯಸ್ಥೆಯೂ ಒಪ್ಪುತ್ತಾರೆ. ಫಲಿತಾಂಶ ನನ್ನ ಕಂಪ್ಯೂಟರಿನಲ್ಲಿ ಇರುತ್ತದೆ, ಹೊರಗೆ ಬರುವುದಿಲ್ಲ. ಅಳಿಲು ಪುಸ್ತಕಗಳಲ್ಲಿ ಹಾಗೇ ಉಳಿಯುತ್ತದೆ. ಅತ್ತೆ ಸೀರೆ ಉಟ್ಟುಕೊಂಡು ಉದ್ಘಾಟನೆಗೆ ಹೋಗಲಿ.

ನಿಮ್ಮ ಮನೆಯಿಂದ ನಾನು ಈಗಾಗಲೇ ಒಂದು ಸಂಸಾರವನ್ನು ಕಿತ್ತುಕೊಂಡು ಬಂದಿದ್ದೇನೆ. ಇದನ್ನೂ ನನ್ನ ಕೈಯಿಂದಲೇ ಕಿತ್ತುಕೊಳ್ಳಲಾರೆ.

ಇತಿ,
ನಿಮ್ಮ ವಿದ್ಯಾರ್ಥಿನಿ


ಮೇ ೧೦

ನಿನಗೆ,

ನಿನ್ನ ಕಾಗದ ಓದಿ ಎದ್ದು ಹೋಗಿ ಇಡೀ ಮ್ಯೂಸಿಯಂ ಒಂದು ಸುತ್ತು ಹಾಕಿ ಬಂದೆ. ಮೊಣಕಾಲು ಹಿಡಿದುಕೊಂಡಿದೆ. ಆ ನೋವಿನಲ್ಲೇ ಬರೆಯುತ್ತಿದ್ದೇನೆ, ಮಾತು ಒರಟಾದರೆ ಹೊಟ್ಟೆಗೆ ಹಾಕಿಕೋ.

ಫಲಿತಾಂಶ ಓದಿದಾಗ ನೋವಾಯಿತು. ತುಂಬ ನೋವಾಯಿತು. ಸುಳ್ಳೇಕೆ ಹೇಳಲಿ? ನನ್ನದು ಅಂತ ಇದ್ದ ಒಂದು ಪ್ರಾಣಿ. ಆದರೆ ನಿಜವಾಗಿ ಸಿಟ್ಟು ಬಂದದ್ದು ಆಮೇಲಿನ ಪ್ಯಾರಾ ಓದಿದಾಗ. ನನಗೆ ಭಿಕ್ಷೆ ಹಾಕಲು ನಿನಗೆ ಯಾರು ಹೇಳಿದರು? ಅಡಗಿಸಿಟ್ಟ ಫಲಿತಾಂಶದ ಮೇಲೆ ಬದುಕುವ ಅಳಿಲು ನನಗೆ ಬೇಡ. ಆ ಗಾಜಿನ ಪೆಟ್ಟಿಗೆಯ ಮುಂದೆ ನಾನು ಹೋಗಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಎರಡು ವರ್ಷದಿಂದ ಹೇಳದೆ ಇದ್ದ ಮಾತೊಂದನ್ನು ಈಗ ಹೇಳುತ್ತೇನೆ. ನೀನು ನನ್ನ ಮಗನನ್ನು ಬಿಟ್ಟಾಗ ನನಗೆ ದುಃಖವಾಯಿತು, ಆದರೆ ನಿನ್ನ ಮೇಲೆ ಬೇಸರವಾಗಲಿಲ್ಲ. ಊರಿನವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಇನ್ನೂ ಹತ್ತು ವರ್ಷ ಒಟ್ಟಿಗೆ ಇದ್ದ ಹಾಗೆ ನಟಿಸಬಹುದಿತ್ತು. ಎಷ್ಟೋ ಜನ ಹಾಗೇ ಮಾಡುತ್ತಾರೆ. ನೀನು ಮಾಡಲಿಲ್ಲ. ಇಲ್ಲದ್ದನ್ನು ಇದೆ ಎನ್ನಲು ಒಪ್ಪಲಿಲ್ಲ. ಒಂದು ಮದುವೆಗಾಗಿ ಸುಳ್ಳು ಹೇಳದವಳು ಈಗ ಒಂದು ಅಳಿಲಿಗಾಗಿ ಸುಳ್ಳು ಹೇಳುತ್ತೀಯಾ? ನಾಚಿಕೆಯಾಗಬೇಕು.

ಇಷ್ಟು ಬೈದ ಮೇಲೆ ಕೆಲಸದ ಮಾತು. ನೀನು ಚರ್ಮವನ್ನು ಕೇಳಿದೆ, ಅದು ಬಯಲಿನದು ಎಂದಿತು. ಸರಿ. ನನ್ನ ಕಣ್ಣಿಗೂ ಅದರ ಚರ್ಮ ಯಾವಾಗಲೂ ಬಯಲಿನದರ ಹಾಗೇ ಇತ್ತು, ಹಾಗೆಂದೇ ಬರೆದಿದ್ದೇನೆ. ನಾನು ಬೇರೆ ಪ್ರಭೇದ ಎಂದದ್ದು ತಲೆಬುರುಡೆ ನೋಡಿ. ಬಯಲಿನ ಅಳಿಲಿಗೆ ಅಂಥ ಮೂತಿ ಹುಟ್ಟುವುದು ಸಾಧ್ಯವೇ ಇಲ್ಲ. ಅಷ್ಟು ಅಳೆದಿದ್ದೇನೆ, ಕಣ್ಣು ಮುಚ್ಚಿ ಹೇಳಬಲ್ಲೆ. ಚರ್ಮ ಒಂದು ಡ್ರಾಯರಿನಲ್ಲಿ, ಬುರುಡೆ ಇನ್ನೊಂದು ಡಬ್ಬಿಯಲ್ಲಿ ಇಡುವುದು ನಮ್ಮ ಪದ್ಧತಿ ಎಂದು ನಿನಗೆ ಗೊತ್ತು. ನೀನು ತಲೆಯನ್ನು ಕೇಳಿಲ್ಲ. ಅದನ್ನೂ ಕೇಳು. ಮೂಗಿನ ಒಳಗಿನ ಕಾಗದದಂಥ ಮೂಳೆಯಿಂದ ಒಂದು ಚೂರು ಕಳಿಸುತ್ತಿದ್ದೇನೆ.

ಇತಿ,
ನಿನ್ನ ಮೇಷ್ಟ್ರು


ಜುಲೈ ೪

ಮೇಷ್ಟ್ರೇ,

ನಿಮ್ಮ ಬೈಗುಳವನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಯಾರೂ ನನ್ನನ್ನು ಅಷ್ಟು ಒಳ್ಳೆಯ ಮಾತಿನಲ್ಲಿ ಬೈದಿರಲಿಲ್ಲ.

ಈಗ ಗಟ್ಟಿಯಾಗಿ ಕೂತು ಓದಿ. ತಲೆಬುರುಡೆ ಗುಡ್ಡದ ಅಳಿಲಿನದು. ಇದರಲ್ಲೂ ಎರಡು ಮಾತಿಲ್ಲ. ಚರ್ಮ ಒಂದು ಪ್ರಾಣಿಯದು, ತಲೆ ಇನ್ನೊಂದರದು.

ಮೊದಲು ಸೀಸೆ ಅದಲುಬದಲಾಯಿತೇ ಎಂದು ನನ್ನನ್ನೇ ಅನುಮಾನಿಸಿ ಎಲ್ಲವನ್ನೂ ಮತ್ತೆ ಮಾಡಿದೆ. ಅದಕ್ಕೇ ಇಷ್ಟು ತಡ. ಅದಲುಬದಲಾದದ್ದು ಇಲ್ಲಿ ಅಲ್ಲ. ನಿಮ್ಮ ಕಡೆ, ಎಷ್ಟೋ ವರ್ಷಗಳ ಹಿಂದೆ.

ನಿಮ್ಮ ಕಣ್ಣು ತಪ್ಪಿರಲಿಲ್ಲ. ಚರ್ಮ ಬಯಲಿನದು ಎಂದಿರಿ, ನಿಜ. ಮೂತಿ ಗುಡ್ಡದ್ದು ಎಂದಿರಿ, ಅದೂ ನಿಜ. ಎರಡೂ ಒಂದೇ ಪ್ರಾಣಿಯದು ಎಂದು ನಂಬಿದ್ದು ಮಾತ್ರ ತಪ್ಪಾಯಿತು. ಅದನ್ನು ಯಾರಾದರೂ ನಂಬುತ್ತಿದ್ದರು. ಅದೇ ಸಲ ಅದೇ ಕಾಡಿನಿಂದ ಗುಡ್ಡದ ಅಳಿಲನ್ನೂ ತಂದಿದ್ದಿರಾ? ತಂದಿದ್ದರೆ ಅದರ ತಲೆ ಈಗ ಯಾರದು ಎಂದು ನೋಡುತ್ತೀರಾ? ನೋಡಬೇಡಿ ಎಂದರೂ ನೀವು ನೋಡದೆ ಇರುವವರಲ್ಲ.

ಫಲಿತಾಂಶ ಅಡಗಿಸುವ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಇತಿ,
ನಾಚಿಕೆಯಾದ ನಿಮ್ಮ ವಿದ್ಯಾರ್ಥಿನಿ


ಜುಲೈ ೨೧

ಮಗಳೇ,

ನೋಡಿದೆ.

ಅದೇ ಪ್ರವಾಸದಲ್ಲಿ ಗುಡ್ಡದ ಅಳಿಲೊಂದು ಸಿಕ್ಕಿತ್ತು. ಸಾಮಾನ್ಯದ್ದು, ಬೇಕಾದಷ್ಟು ಇದ್ದವು, ಅದರ ಕಡೆ ಆಮೇಲೆ ಯಾರೂ ತಿರುಗಿ ನೋಡಿರಲಿಲ್ಲ. ಡಬ್ಬಿ ತೆಗೆದೆ. ಮುಚ್ಚಳ ತೆಗೆಯುವಾಗಲೇ ತಿಳಿಯಿತು. ಚೂಪು ಮೂತಿ, ಸಣ್ಣ ಹಲ್ಲು. ಬಯಲಿನ ಅಳಿಲು, ಇಷ್ಟು ಕಾಲ ಗುಡ್ಡದ ಅಳಿಲಿನ ಡಬ್ಬಿಯಲ್ಲಿ ಸುಮ್ಮನೆ ಮಲಗಿತ್ತು. ಆದರೂ ಕ್ಯಾಲಿಪರ್ ಹಿಡಿದು ಒಂದೊಂದೇ ಅಳೆದೆ. ನಂಬದೆ ಮತ್ತೆ ಅಳೆದೆ. ನಿನ್ನ ಡಿಎನ್‌ಎ ಹೇಳಿದ್ದನ್ನು ನನ್ನ ಕ್ಯಾಲಿಪರ್ ಒಪ್ಪಿಕೊಂಡಿತು.

ಹೇಗಾಯಿತು ಎಂದು ಊಹಿಸಬಲ್ಲೆ. ಬುರುಡೆ ಶುಚಿ ಮಾಡಲು ನಮ್ಮಲ್ಲಿ ಮಾಂಸ ತಿನ್ನುವ ಹುಳುಗಳ ಪೆಟ್ಟಿಗೆ ಇತ್ತಲ್ಲ. ಚರ್ಮ ಸುಲಿದ ತಲೆಗೆ ನಂಬರಿನ ಚೀಟಿಯನ್ನು ದಾರದಲ್ಲಿ ಕಟ್ಟಿ ಅದರೊಳಗೆ ಬಿಡುವುದು. ಹುಳುಗಳು ಮಾಂಸ ಮುಗಿಸಿ ಒಮ್ಮೊಮ್ಮೆ ಹತ್ತಿಯ ದಾರವನ್ನೂ ತಿಂದುಬಿಡುತ್ತಿದ್ದವು. ಪೆಟ್ಟಿಗೆಯ ತಳದಲ್ಲಿ ಎರಡು ತಲೆ, ಎರಡು ಚೀಟಿ. ಯಾರೋ ಮತ್ತೆ ಕಟ್ಟಿದ್ದಾರೆ. ಆ ಪೆಟ್ಟಿಗೆಗೆ ಕೈ ಹಾಕುತ್ತಿದ್ದವರು ನಾವು ಮೂರು ಜನ; ಇಬ್ಬರು ಈಗಿಲ್ಲ. ನಾನೇ ಇರಬಹುದು, ಇಲ್ಲದೆಯೂ ಇರಬಹುದು. ನೆನಪಿಲ್ಲ, ಇನ್ನು ನೆನಪಾಗುವುದೂ ಇಲ್ಲ.

ನಗು ಬಂತು ಕಣೇ. ನಿಜವಾಗಿ ನಗು ಬಂತು. ಇಷ್ಟು ವರ್ಷ ಅಳಿದುಹೋಯಿತು ಎಂದು ಮರುಗಿದೆವು. ಭಾಷಣ ಮಾಡಿದೆವು. ಮಕ್ಕಳ ಕಣ್ಣಲ್ಲಿ ನೀರು ತರಿಸಿದೆವು. ಅದು ಹುಟ್ಟಿಯೇ ಇರಲಿಲ್ಲ. ಯಾರದೋ ತಲೆ, ಯಾರದೋ ಮೈ. ಆ ಎರಡು ಅಳಿಲುಗಳು ಇಂದಿಗೂ ಎಲ್ಲೆಂದರಲ್ಲಿ ಮರ ಹತ್ತಿ ಇಳಿಯುತ್ತಿವೆ. ಯಾವುದೂ ಸಾಯಲಿಲ್ಲ ಎಂದು ಸಂತೋಷಪಡಬೇಕು. ಪಡುತ್ತಿದ್ದೇನೆ, ಸ್ವಲ್ಪ ಕಷ್ಟಪಟ್ಟು.

ಪ್ರಬಂಧ ನಾನು ಬರೆಯುತ್ತೇನೆ, ನೀನು ಜೊತೆಗೆ ಸೇರು. ನಾನೇ ಹೆಸರಿಟ್ಟೆ, ನಾನೇ ತೆಗೆಯುತ್ತೇನೆ. ಬೇರೆಯವರು ತೆಗೆದರೆ ತಡೆದುಕೊಳ್ಳಲಾರೆ. ಅಧಿಕಾರಿಗೆ ಹೇಳಿಯಾಯಿತು. ಗಾಜಿನ ಪೆಟ್ಟಿಗೆಯ ಆರ್ಡರ್ ಕೊಟ್ಟುಬಿಟ್ಟಿದ್ದಾನೆ ಪಾಪ, ಏನಿಡಲಿ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ.

ಲೇಖಕರ ಹೆಸರಿನ ಕೆಳಗೆ ಪರಸ್ಪರ ಸಂಬಂಧವೇನೆಂದು ಯಾರೂ ಕೇಳುವುದಿಲ್ಲ. ಆದರೆ ನೀನು ನನ್ನನ್ನು ಕರೆಯಲು ಆರು ತಿಂಗಳಿಂದ ಪರದಾಡುತ್ತಿದ್ದೀಯ. ಮಾವ ಅಂತಲೇ ಕರೆ. ಕೋರ್ಟಿನ ಕಾಗದ ನಿನಗೂ ನನ್ನ ಮಗನಿಗೂ ಬಂದದ್ದು. ನನಗೆ ಯಾವ ಕಾಗದವೂ ಬಂದಿಲ್ಲ.

ಉಳಿದಿರುವುದು ಒಂದೇ. ನಿಮ್ಮತ್ತೆಗೆ ಹೇಳಬೇಕು. ಅಧಿಕಾರಿಗೆ ಹೇಳಿದೆ, ಜಗತ್ತಿಗೇ ಹೇಳಲು ಹೊರಟಿದ್ದೇನೆ, ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ. ಹೇಳಿದರೆ ಅದನ್ನು ಕಂಡುಹಿಡಿದವರು ಯಾರೆಂದೂ ಹೇಳಬೇಕಾಗುತ್ತದೆ. ಈಗಾಗಲೇ ಮಗನ ಸಂಸಾರದ ಸಿಟ್ಟು. ಅದರ ಮೇಲೆ ಅವಳ ಹೆಸರನ್ನೂ ನೀನೇ ಅಳಿಸಿದೆ ಎಂದು ತಿಳಿದರೆ, ಮುಂದೆ ಎಂದಾದರೂ ಅವಳು ನಿನ್ನ ಮುಖ ನೋಡುವಳೆಂಬ ಆಸೆಯೂ ಹೋಗುತ್ತದೆ. ನನಗೆ ಅಳಿಲಿಗಿಂತ ಆ ಆಸೆ ದೊಡ್ಡದಾಗಿತ್ತು ಎಂದು ಈಗ ಗೊತ್ತಾಗುತ್ತಿದೆ.

ಇತಿ,
ನಿನ್ನ ಮಾವ


ಆಗಸ್ಟ್ ೧

ಮಾವ,

ಬರೆದು ನೋಡಿದೆ, ಹಿತವಾಗಿದೆ.

ಅತ್ತೆಗೆ ಹೇಳಿ. ನನ್ನ ಹೆಸರನ್ನೂ ಹೇಳಿ. ಅವರು ಮುಖ ನೋಡದಿದ್ದರೆ ಬೇಡ. ಅಡಗಿಸಿಟ್ಟ ಫಲಿತಾಂಶದ ಮೇಲೆ ಬದುಕುವ ಅಳಿಲು ಬೇಡ ಎಂದು ನೀವೇ ತಾನೇ ಬೈದದ್ದು? ಮುಚ್ಚಿಟ್ಟು ಗಳಿಸುವ ಪ್ರೀತಿಯೂ ಹಾಗೇ.

ಆ ಮನೆ ಬಿಡುವ ದಿನ ನಾನು ಬೇಕೆಂದೇ ಅತ್ತೆ ಡ್ಯೂಟಿಯಲ್ಲಿದ್ದ ಹೊತ್ತು ನೋಡಿ ಹೊರಟೆ. ಅವರ ಮುಖ ನೋಡಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಅವರಿಗೆ ಏನೆಂದು ಹೇಳುವುದು ಎಂದು ಇಂದಿಗೂ ನನಗೆ ತಿಳಿಯದು. ನಿಮಗಾದರೂ ಹೇಳಲು ಒಂದು ಅಳಿಲಿದೆ.

ಪ್ರಬಂಧದ ಮೊದಲ ಕರಡು ಕಳಿಸಿ. ಉದ್ದ ಬೇಡ, ನಿಮಗೆ ಹಲ್ಲಿನ ವಿಷಯ ಬಂದರೆ ನಿಲ್ಲಿಸಲು ಬರುವುದಿಲ್ಲ.

ಇತಿ,
ನಿಮ್ಮ ಸೊಸೆ (ಆಗಿದ್ದವಳು)


ಆಗಸ್ಟ್ ೧೯

ನಿನಗೆ,

ನಿನ್ನ ವಿಳಾಸ ಅವರ ಹತ್ರ ಕೇಳಿ ಇಸ್ಕೊಂಡೆ. ಅವರ ಹಾಗೆ ಬರೆಯೋಕೆ ನನಗೆ ಬರಲ್ಲ, ಪೇಷಂಟ್ ಚಾರ್ಟ್ ಬರೆದೇ ಅಭ್ಯಾಸ. ಮಾತಾಡೋ ಹಾಗೇ ಬರೀತೀನಿ, ಓದ್ಕೋ.

ಮೊನ್ನೆ ಊಟಕ್ಕೆ ಕೂತಾಗ ಎರಡು ತುತ್ತು ತಿಂದು ಕೈ ನಿಲ್ಲಿಸಿದ್ರು. "ನಿನ್ನ ಅಳಿಲು ಹೋಯ್ತು ಕಣೇ" ಅಂದ್ರು. ಯಾರೋ ಮ್ಯೂಸಿಯಂಗೆ ನುಗ್ಗಿ ಕದ್ರು ಅಂದ್ಕೊಂಡೆ. ಆಮೇಲೆ ತಲೆ, ಚರ್ಮ, ಹುಳು, ದಾರ ಅಂತ ಎಲ್ಲ ಹೇಳಿದ್ರು. ಅನ್ನ ಆರಿ ತಣ್ಣಗಾಯ್ತು. ಕೇಳಿ ನನಗೆ ನಗು ತಡೆಯೋಕೆ ಆಗ್ಲಿಲ್ಲ. "ಅಲ್ಲ ರೀ, ನಾವು ವಾರ್ಡಲ್ಲಿ ಹುಟ್ಟಿದ ಕೂಸಿನ ಕೈಗೆ ಪಟ್ಟಿ ಕಟ್ಟದೆ ತಾಯಿ ಪಕ್ಕದಿಂದ ಎತ್ತುತ್ತಾ ಇರಲಿಲ್ಲ, ನೀವು ಇಷ್ಟು ಓದಿದೋರು ಸೇರಿ ಎರಡು ತಲೆ ಅದಲುಬದಲು ಮಾಡಿದ್ರಾ?" ಅಂದೆ. ಅವರು ಮುಖ ಸಣ್ಣಗೆ ಮಾಡ್ಕೊಂಡ್ರು, ಆಮೇಲೆ ಅವರೂ ನಕ್ರು. ನಗ್ತಾ ನಗ್ತಾ ಅತ್ರು. ನಾನು ಅಳಲಿಲ್ಲ. ಇಲ್ಲದ ಅಳಿಲಿಗೆ ಯಾಕೆ ಅಳಲಿ?

ಸುಳ್ಳು ಹೇಳಲ್ಲ, ಸ್ವಲ್ಪ ಬೇಜಾರಾಯ್ತು. ಇಷ್ಟು ವರ್ಷ ಬಂದೋರಿಗೆಲ್ಲ ತೋರಿಸಿದೀನಿ. ಆದರೆ ಅದಕ್ಕೆ ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಷ್ಟು ದಡ್ಡಿ ಅಲ್ಲ ನಾನು. ರಿಪೋರ್ಟಲ್ಲಿ ಏನಿದೆಯೋ ಅದನ್ನ ಹೇಳೋದು ನಿನ್ನ ಕೆಲಸ. ನಾನೂ ಎಷ್ಟೋ ಮನೆಯವರಿಗೆ ಬಾಗಿಲಲ್ಲಿ ನಿಂತು ಬೇಡವಾದ ಸುದ್ದಿ ಹೇಳಿದೋಳೇ.

ಮಗನ ಸಂಸಾರ ಮುರಿದಿದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟು ಅಂತ ಅವರು ನಿನಗೆ ಬರೆದಿದಾರಂತೆ. ಇಷ್ಟು ವರ್ಷ ಜೊತೆಗಿದ್ದು ನನ್ನ ಮುಖ ನೋಡಿ ಏನೋ ಒಂದು ಅರ್ಥ ಮಾಡ್ಕೊಂಡಿದಾರೆ, ಬಾಯಿ ಬಿಟ್ಟು ಒಂದು ಸಲ ನನ್ನ ಕೇಳಲಿಲ್ಲ. ಅವನ ಜೊತೆ ಬದುಕೋದು ಎಷ್ಟು ಕಷ್ಟ ಅಂತ ನನಗೆ ಯಾರೂ ವಿವರಿಸಬೇಕಿಲ್ಲ. ಸಾಕಿದೋಳು ನಾನು. ನೀನು ಅವನನ್ನ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ.

ನೀನು ನನ್ನನ್ನ ಬಿಟ್ಟೆಯಲ್ಲ, ಅದಕ್ಕೆ.

ಆರು ವರ್ಷ ಒಂದೇ ಅಡುಗೆಮನೆಯಲ್ಲಿ ಮೈಗೆ ಮೈ ತಾಗಿಸ್ಕೊಂಡು ಕೆಲಸ ಮಾಡಿದ್ವಿ. ನಿನಗೆ ಅವನ ಮೇಲೆ ಸಿಟ್ಟು ಬಂದಾಗ ತರಕಾರಿ ಹೆಚ್ಚೋ ಸದ್ದಲ್ಲೇ ನನಗೆ ಗೊತ್ತಾಗ್ತಾ ಇತ್ತು. ಆ ದಿನ ಸಂಜೆ ಡ್ಯೂಟಿ ಮುಗಿಸಿ ಬಂದೆ, ನಿನ್ನ ಚಪ್ಪಲಿ ಇರಲಿಲ್ಲ. ಅಂಗಡಿಗೆ ಹೋಗಿರಬೇಕು ಅಂತ ಇಬ್ಬರಿಗೂ ಕಾಫಿ ಮಾಡಿ ಮುಚ್ಚಿಟ್ಟೆ. ಮಗ ಬಂದು ಹೇಳಿದ. ವಾರ್ಡಿಗೆ ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿನಗೆ? ನಾನು ತಡೀತಾ ಇದ್ದೆ ಅಂದ್ಕೊಂಡ್ಯಾ? ತಡೀತಾ ಇರಲಿಲ್ಲ. ಬ್ಯಾಗಿಗೆ ಹಾಕೋದು ಏನಾದ್ರೂ ಮರೆತಿದ್ಯಾ ನೋಡು ಅಂತಿದ್ದೆ, ಬಸ್‌ಸ್ಟ್ಯಾಂಡ್ ತನಕ ಬರ್ತಿದ್ದೆ.

ಆ ಅಳಿಲಿಗೆ ನನ್ನ ಹೆಸರಿಡೋವಾಗ ಯಾರೂ ನನ್ನನ್ನ ಕೇಳಲಿಲ್ಲ. ತೆಗೆಯೋವಾಗ ಅವರು ಬಂದು ನನ್ನೆದುರು ಕೂತು ಹೇಳಿದ್ರು. ಕಷ್ಟಪಟ್ಟು ಹೇಳಿದ್ರು, ಆದರೂ ಹೇಳಿದ್ರು. ಅಷ್ಟು ಸಾಕು ನನಗೆ. ನಿನ್ನದು ಇನ್ನೂ ಉಳಿದಿದೆ.

ಒಂದು ದಿನ ಬಾ. ಭಾನುವಾರ ಬೇಡ, ಅವತ್ತು ಮಗ ಬರ್ತಾನೆ. ಬೇರೆ ಯಾವತ್ತಾದ್ರೂ ಬಾ. ಉಳ್ಕೋ ಅಂತ ಕೇಳಲ್ಲ, ನಿನಗೆ ನಿನ್ನದೇ ಬದುಕಿದೆ. ಹೊರಡೋವಾಗ ನನ್ನೆದುರು ನಿಂತು "ಅತ್ತೆ, ಹೋಗಿ ಬರ್ತೀನಿ" ಅಂತ ಹೇಳಿ ಹೋಗು.

ಇತಿ,
ನಿನ್ನ ಅತ್ತೆ